ಅಪ್ಪನ ಮಂಡಿಪಟ್ಟಿ

ಹೋದ ವಾರ ಊರಿನಿಂದ ಒಂದು ಪಾರ್ಸೆಲ್ ಬಂತು. ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ಗೋಣಿದಾರದಿಂದ ಹೊಲಿದು, ನಾಲ್ಕು ಕಡೆ ಅರಗು ಒತ್ತಿದ ಪೊಟ್ಟಣ. ವಿಳಾಸ ಅಪ್ಪನ ಅಕ್ಷರದಲ್ಲಿತ್ತು. ಹೊಲಿಗೆ ಬಿಚ್ಚುವ ಮೊದಲೇ ಹರಳೆಣ್ಣೆಯ ಮತ್ತು ಹಳೆಯ ತೊಗಲಿನ ವಾಸನೆ ಮೂಗಿಗೆ ಬಡಿಯಿತು. ಒಳಗೆ ಏನಿದೆ ಎಂದು ನನಗೆ ಗೊತ್ತಾಯಿತು. ನಾನು ಬಾಡಿಗೆಗೆ ಇರುವ ಮನೆಯ ಒಡತಿ ಮಾತ್ರ ಬಾಗಿಲಲ್ಲೇ ನಿಂತಿದ್ದರು.

"ಊರಿಂದ ತಿಂಡಿ ಕಳಿಸಿದ್ದಾರೇನಮ್ಮ?"

"ಇಲ್ಲ, ಚರ್ಮದ ಸಾಮಾನು."

ಅವರು ಪೊಟ್ಟಣದೊಳಗೆ ಬಗ್ಗಿ ನೋಡಿದರು. ಅಂಗೈಯಷ್ಟು ಅಗಲದ, ಬಟ್ಟಲಿನಂತೆ ಒಳಗೆ ಬಾಗಿದ ಎರಡು ತೊಗಲಿನ ತುಂಡುಗಳು. ಒಂದೊಂದಕ್ಕೂ ಎರಡೆರಡು ಪಟ್ಟಿ, ಎರಡೆರಡು ಬಕಲು. "ಎತ್ತಿಗೆ ಕಟ್ಟೋದಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದರು. ತಿಂಡಿಯಲ್ಲ ಎಂದಮೇಲೆ ಅವರಿಗೆ ಆಸಕ್ತಿ ಉಳಿದಿರಲಿಲ್ಲ.

ಜೊತೆಯಲ್ಲಿ ಒಂದು ಚೀಟಿ ಇತ್ತು. ಅಪ್ಪ ಉದ್ದ ಬರೆಯುವವರಲ್ಲ. "ನೀನು ಸ್ಕೂಟರಿನಿಂದ ಬಿದ್ದ ವಿಷಯ ತಿಳಿಯಿತು. ಇದನ್ನು ಸೀರೆಯೊಳಗೆ ಕಟ್ಟಿಕೋ, ಯಾರಿಗೂ ಕಾಣದು. ಪಟ್ಟಿಗೆ ಇನ್ನೊಂದು ತೂತು ಹಾಕಿಸಬೇಕಾದೀತು. ನೆಲದ ಮೇಲೆ ಕೂರುವ ಮೊದಲು ಬಿಚ್ಚಿಡು."

ಸ್ಕೂಟರಿನ ವಿಷಯ ಇಷ್ಟೇ. ಮೈಸೂರಿನ ಒಂದು ಕಾಲೇಜಿನಲ್ಲಿ ಹುಡುಗಿಯರಿಗೆ ರಸಾಯನಶಾಸ್ತ್ರ ಕಲಿಸುವುದು ನನ್ನ ಕೆಲಸ. ಎರಡು ತಿಂಗಳ ಹಿಂದೆ ಒಂದು ಹಳೆಯ ಸ್ಕೂಟರು ಕೊಂಡೆ. ಸೀರೆಯುಟ್ಟವಳು ಸ್ಕೂಟರು ಓಡಿಸುವುದನ್ನು ನೋಡಲು ಜನ ಅಂಗಡಿಗಳಿಂದ ಹೊರಗೆ ಬರುತ್ತಾರೆ. ಯಾರ ಕಣ್ಣಿಗೂ ಬೀಳದೆ ಬದುಕಬೇಕೆಂಬ ಸ್ವಭಾವದ ನಾನು ಇಂಥ ಕೆಲಸಕ್ಕೆ ಏಕೆ ಕೈಹಾಕಿದೆನೋ ನನಗೇ ತಿಳಿಯದು. ಕಾಲೇಜಿನ ಗೇಟಿನ ಎದುರಿಗೇ, ನನ್ನ ವಿದ್ಯಾರ್ಥಿನಿಯರ ಎದುರಿಗೇ ಬಿದ್ದೆ. ಮೊಣಕಾಲು ತರಚಿತು. ಮನೆಗೆ ಬರೆದ ಕಾಗದದಲ್ಲಿ ಆ ಸಂಗತಿಗೆ ಒಂದೇ ಸಾಲು ಕೊಟ್ಟಿದ್ದೆ. ಆ ಒಂದು ಸಾಲಿಗೆ ಬಂದ ಉತ್ತರ ಈ ಪೊಟ್ಟಣ.

ಈ ಮಂಡಿಪಟ್ಟಿಗಳು ಹುಟ್ಟಿದ ದಿನ ನಾನು ಅಲ್ಲೇ ಇದ್ದೆ. ನನಗೆ ಆಗ ಎಂಟೋ ಒಂಬತ್ತೋ ವರ್ಷ.

ನಮ್ಮ ಮನೆ ಬಂಗಾರಪೇಟೆಯ ಅಂಚಿನಲ್ಲಿ. ರಾಗಿ ಹೊಲ, ಎರಡು ಹಸು, ಅಂಗಳದಲ್ಲಿ ಬಾವಿ. ಹೊಲ ನೋಡಿಕೊಳ್ಳುತ್ತಿದ್ದವರು ದೊಡ್ಡಪ್ಪ. ಅಪ್ಪನದು ಕೋಲಾರದ ಚಿನ್ನದ ಗಣಿಗಳಲ್ಲಿ, ಮೈಸೂರು ಮೈನ್ಸ್ ಎಂಬ ಗಣಿಯ ಕಡೆ ಕೆಲಸ. ಗಣಿಯಿಂದ ಬಂದ ಅದಿರನ್ನು ಪುಡಿಮಾಡಿ, ಕರಗಿಸಿ, ಕೊನೆಗೆ ಉಳಿದ ಚಿನ್ನವನ್ನು ತೂಗಿ ಬರೆಯುವುದು. ಉಳಿಯುತ್ತಿದ್ದುದು ಸಾಸಿವೆಗಿಂತ ಸಣ್ಣದು. ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯ ಮುಂದೆ ಅವರು ಉಸಿರು ಹಿಡಿದು ಕೂರುತ್ತಿದ್ದರು. ಆಗಾಗ ಭೂಮಿಯೊಳಗೆ ಎಲ್ಲೋ ಬಂಡೆ ಸಿಡಿದು, ಮೇಲೆ ನೆಲ ನಡುಗಿ, ಕಪಾಟಿನ ಪಾತ್ರೆಗಳು ಗಲಗಲ ಎನ್ನುತ್ತಿದ್ದವು. ಆ ಊರಿನವರು ಅದಕ್ಕೆ ಊಟದ ತಟ್ಟೆಯಿಂದ ಏಳುವವರಲ್ಲ. ಅಪ್ಪನೂ ಏಳುತ್ತಿರಲಿಲ್ಲವಂತೆ; ತಕ್ಕಡಿಯ ಮುಳ್ಳು ತಾನಾಗಿ ನಿಲ್ಲುವವರೆಗೆ ಕೈಕಟ್ಟಿ ಕಾದು, ಮತ್ತೆ ಮೊದಲಿನಿಂದ ತೂಗುತ್ತಿದ್ದರಂತೆ. ಮನೆಯಲ್ಲಿಯೂ ಹಾಗೆಯೇ. ಯಾರಾದರೂ ಕೂಗಾಡಿದರೆ, ನಿಲ್ಲುವವರೆಗೆ ಕಾಯುತ್ತಿದ್ದರು.

ರೈಲಿನ ವೇಳೆಗೂ ಅವರ ಪಾಳಿಗೂ ಹೊಂದುತ್ತಿರಲಿಲ್ಲ. ಅದಕ್ಕಾಗಿ ಮಿಲಿಟರಿಯವರು ಹರಾಜು ಹಾಕಿದ್ದ ಒಂದು ಮೋಟಾರ್ ಸೈಕಲ್ ಕೊಂಡಿದ್ದರು. ಅದರ ಸದ್ದು ನಮಗೆ ಕೇಳುವ ಮೊದಲೇ ನಮ್ಮ ಹಸುಗಳು ಕಿವಿ ಎತ್ತುತ್ತಿದ್ದವು. ರಾತ್ರಿ ಅದಕ್ಕೆ ಜಗಲಿಯೇ ಮನೆ. ಜಗಲಿಯ ಕಲ್ಲಿನ ಮೇಲೆ ಎಣ್ಣೆ ತೊಟ್ಟಿಕ್ಕಿ ರೊಟ್ಟಿಯಷ್ಟು ಅಗಲದ ಕಪ್ಪು ಕಲೆ ಬಿದ್ದಿತ್ತು. ಅಜ್ಜಿ ಅದನ್ನು ಬೂದಿ ಹಾಕಿ ತಿಕ್ಕಿ ತಿಕ್ಕಿ ಸೋತಿದ್ದರು.

ಗಣಿಯಿಂದ ಹೊರಗೆ ಸುರಿದ ಮಣ್ಣಿನ ಬಿಳಿಯ ಗುಡ್ಡಗಳನ್ನು ನೀವು ನೋಡಿದ್ದರೆ, ಗಾಳಿ ಬೀಸಿದ ದಿನ ಆ ಪುಡಿ ರಸ್ತೆಗೆಲ್ಲ ಹರಡುವುದನ್ನೂ ನೋಡಿರುತ್ತೀರಿ. ಅದರ ಮೇಲೆ ನಾಲ್ಕು ಹನಿ ಬಿದ್ದರೆ ರಸ್ತೆ ಸೋಪು ಸವರಿದಂತಾಗುತ್ತದೆ. ಅಂಥ ಒಂದು ಸಂಜೆ ಅಪ್ಪ ತಿರುವಿನಲ್ಲಿ ಜಾರಿ ಬಿದ್ದು ಮೊಣಕಾಲು ಸೀಳಿಕೊಂಡರು. ಕೋರಮಂಡಲ್ ಎಂಬ ಗಣಿಯ ಕಡೆಯಿಂದ ಪಾಳಿ ಮುಗಿಸಿ ಬರುತ್ತಿದ್ದ ಕೆಲಸಗಾರನೊಬ್ಬ ಅವರನ್ನು ಎತ್ತಿ ಕೂರಿಸಿದನಂತೆ. ಅವನ ಎರಡು ಮೊಣಕಾಲಿಗೂ ದಪ್ಪ ತೊಗಲಿನ ಪಟ್ಟಿ ಕಟ್ಟಿತ್ತು. ಸುರಂಗದ ತಗ್ಗು ಜಾಗಗಳಲ್ಲಿ ಅವರು ಮೊಣಕಾಲೂರಿಯೇ ಕೆಲಸ ಮಾಡಬೇಕು.

"ಏನ್ ಸಾರ್, ನಾವು ದಿನಾ ಮುಟ್ಟಿ ಮೇಲೇ ನಡಿಯೋರು. ನಮ್ಗೇ ಇಂಗೆ ಒಡ್ದಿಲ್ಲ, ಕುರ್ಚಿ ಮೇಲೆ ಕೂತ್ಕಣೋ ನಿಮ್ಗೆ ಒಡ್ದೋಯ್ತಲ್ಲ" ಎಂದು ಅವನು ನಕ್ಕನಂತೆ. ಮುಟ್ಟಿ ಎಂದರೆ ಅವನ ತಮಿಳಿನಲ್ಲಿ ಮಂಡಿ. ಮೂರು ವಾರ ಹಾಸಿಗೆಯಲ್ಲಿ ಮಲಗಿದ್ದಾಗ ಅಪ್ಪ ಆ ಮಾತನ್ನು ತಿರುಗಿಸಿ ತಿರುಗಿಸಿ ನೋಡಿರಬೇಕು. ಎದ್ದ ಮೇಲೆ ಮೊದಲು ಹೋದದ್ದು ಆಂಡರ್ಸನ್‌ಪೇಟೆಯ ಚಪ್ಪಲಿ ಹೊಲಿಯುವ ಮುನಿಸಾಮಿಯ ಅಂಗಡಿಗೆ. ನನ್ನನ್ನೂ ಹಿಂದೆ ಕೂರಿಸಿಕೊಂಡು ಹೋದರು.

ಮುನಿಸಾಮಿ ಅಪ್ಪನನ್ನು ಅಂಗಡಿಯೊಳಗೆ ಕರೆಯಲಿಲ್ಲ. "ಸಾರ್, ವಂಡಿ ಮೇಲೇ ಕೂಕೊಳ್ಳಿ. ಓಡ್ಸೋವಾಗ ಎಂಗೆ ಕೂತಿರ್ತೀರೋ ಅಂಗೇ."

"ಅಳತೆಗೆ ನಿಂತರೆ ಸಾಲದೇ?"

"ನಿಂತ ಕಾಲು ಬೇರೆ, ಕೂತ ಕಾಲು ಬೇರೆ ಸಾರ್. ಗಣಿಯವ್ನಿಗೆ ಬಗ್ಗಿದ ಕಾಲಿಗೆ ಒಲೀಬೇಕು. ನಿಮ್ಗೆ ವಂಡಿ ಕಾಲಿಗೆ ಒಲೀಬೇಕು."

ಹೀಗೆ ಬಜಾರಿನ ನಡುವೆ, ಸ್ಟ್ಯಾಂಡು ಹಾಕಿ ನಿಲ್ಲಿಸಿದ ಮೋಟಾರ್ ಸೈಕಲ್ ಮೇಲೆ ಅಪ್ಪ ಎರಡು ಕೈಗಳಿಂದ ಹ್ಯಾಂಡಲ್ ಹಿಡಿದು ಅರ್ಧ ಗಂಟೆ ಕೂತರು. ಮುನಿಸಾಮಿ ಕೆಳಗೆ ಕುಕ್ಕುರುಗಾಲಲ್ಲಿ ಕೂತು ಕಾಗದ ಕತ್ತರಿಸಿ ಮಂಡಿಗೆ ಇಟ್ಟು ನೋಡುತ್ತಿದ್ದ. ದಾರ ಹಿಡಿದವಳು ನಾನು. ದಾರಿಹೋಕರು ಸುಮ್ಮನೆ ಹೋಗಲಿಲ್ಲ.

"ಏನ್ ಸಾರ್, ಎಲ್ಲೀವರ್ಗೂ ಬಂದ್ರಿ?" ಎಂದ ಎದುರಂಗಡಿಯವನು.

"ಬಂಗಾರಪೇಟೆ ದಾಟಿದೆ" ಎಂದರು ಅಪ್ಪ, ರಸ್ತೆಯಿಂದ ಕಣ್ಣು ತೆಗೆಯದೆ.

ಎಮ್ಮೆಯ ತೊಗಲು, ಒಳಗೆ ಹಳೆಯ ಕಂಬಳಿಯ ನಾಲ್ಕು ಪದರ. ಓಡಿಸುವ ಕಾಲಿಗೆ ಅಳತೆ ತೆಗೆದದ್ದರಿಂದ, ಅದು ಮೋಟಾರ್ ಸೈಕಲ್ ಮೇಲೆ ಮಾತ್ರ ಸರಿಯಾಗಿ ಕೂರುತ್ತಿತ್ತು. ಕಟ್ಟಿಕೊಂಡು ನಡೆದರೆ ಅಪ್ಪ ಇನ್ನೂ ಗಾಡಿಯ ಮೇಲೆಯೇ ಇರುವಂತೆ ಕಾಣುತ್ತಿದ್ದರು. ನೆಲದ ಮೇಲೆ ಚಕ್ಕಂಬಕ್ಕಳ ಹಾಕುವುದಂತೂ ಸಾಧ್ಯವೇ ಇರಲಿಲ್ಲ. ಒಳಗಿನ ಅಂಚು ತೊಡೆಗೆ ಒತ್ತುತ್ತಿತ್ತು.

ಅವರು ಅದನ್ನು ಪ್ಯಾಂಟಿನ ಒಳಗೆ ಕಟ್ಟುತ್ತಿದ್ದರು. ಅದಕ್ಕಾಗಿ ಪ್ಯಾಂಟುಗಳನ್ನು ಅಗಲ ಮಾಡಿಸಿಕೊಂಡರು. ಏಕೆ ಎಂದು ಒಮ್ಮೆ ಕೇಳಿದ್ದೆ. "ಅದನ್ನು ಹೊರಗೆ ಕಟ್ಟಿಕೊಳ್ಳುವುದು ಭೂಮಿಯೊಳಗೆ ಇಳಿಯುವವರ ಹಕ್ಕು. ನಾನು ಕುರ್ಚಿಯವನು" ಎಂದರು. ನಿಜವಾದ ಇನ್ನೊಂದು ಕಾರಣ ಅಜ್ಜಿ. ಮಗ ಮತ್ತೆ ಬೀಳುವ ಭಯದಿಂದ ಮಂಡಿಗೆ ತೊಗಲು ಕಟ್ಟಿಕೊಳ್ಳುತ್ತಿದ್ದಾನೆ ಎಂದು ಗೊತ್ತಾದರೆ ಅವರು ಮೋಟಾರ್ ಸೈಕಲ್ಲನ್ನು ಬಾವಿಗೆ ತಳ್ಳಿಸುತ್ತಿದ್ದರು. ಹೀಗಾಗಿ ಸಂಜೆ ಅಪ್ಪ ಮೊದಲು ಹೋಗುತ್ತಿದ್ದುದು ದನದ ಕೊಟ್ಟಿಗೆಯ ಹಿಂದಕ್ಕೆ. ಅಲ್ಲಿ ಬಿಚ್ಚಿ ನನ್ನ ಕೈಗೆ ಕೊಟ್ಟ ಮೇಲೆಯೇ ಮನೆಯೊಳಗೆ ಕಾಲಿಡುತ್ತಿದ್ದರು. ರಾಗಿ ತುಂಬಿದ ವಾಡೆಯ ಹಿಂದೆ ಅವನ್ನು ತೂಗುಹಾಕುವುದು, ಭಾನುವಾರ ಹರಳೆಣ್ಣೆ ಸವರುವುದು ನನ್ನ ಕೆಲಸ. ಕಂಬಳಿ ಇನ್ನೂ ಬೆಚ್ಚಗಿರುತ್ತಿತ್ತು. ನನಗೆ ಗೊತ್ತಿದ್ದು ಬೇರೆಯವರಿಗೆ ಗೊತ್ತಿಲ್ಲದ ಮೊದಲ ಸಂಗತಿ ಅದು. ಆ ರುಚಿ ನನ್ನನ್ನು ಬಿಟ್ಟಿಲ್ಲ.

ಆ ಗುಟ್ಟು ಒಂದು ವರ್ಷ ಉಳಿಯಿತು. ಒಂದು ಸಂಜೆ ಅಪ್ಪ ಬರುವಾಗ ಅಜ್ಜಿ ಜಗಲಿಯಲ್ಲೇ ಕೂತಿದ್ದರು. ಪ್ಯಾಂಟಿನೊಳಗಿನ ಉಬ್ಬು ಅವರ ಕಣ್ಣಿಗೆ ಬಿತ್ತು.

"ಏನ್ಲಾ ಅದು, ಮಂಡಿ ಇಂಗೆ ಊದೈತೆ?" ಅಪ್ಪ ಬಾಯಿ ತೆರೆಯುವ ಮೊದಲೇ ಅವರು ಎದ್ದಿದ್ದರು. "ಆ ಗಣಿ ಊರಿನ ನೀರು ಕುಡ್ದೂ ಕುಡ್ದೂ ಇಂಗಾಗೈತೆ. ನಮ್ಮ ಚಿಕ್ಕತ್ತೆ ಊರಾಗೂ ಇಂಗೇ, ನೀರು ಕೆಟ್ಟು ಊರಿಗೆ ಊರೇ ಮಂಡಿ ಇಡ್ಕೊಂಡು ಕುಂತಿತ್ತು. ಉಣಸೆ ಸೊಪ್ಪು ಬಿಸಿ ಮಾಡ್ಕಂಡು ಬತ್ತೀನಿ ಇರು."

ನಮ್ಮ ಸೀಮೆಯಲ್ಲಿ ಹಲವರಿಗೆ ಇದ್ದ ಭಯ ಅದು. ಕೆಲವು ಊರುಗಳ ಬಾವಿ ನೀರು ಕುಡಿದವರ ಮಂಡಿ ಕೆಡುತ್ತದೆ, ಮಕ್ಕಳ ಕಾಲು ಸೊಟ್ಟಗಾಗುತ್ತದೆ ಎನ್ನುತ್ತಿದ್ದರು. ಹೆಣ್ಣು ತರುವವರು ಮೊದಲು ಬಾವಿಯನ್ನೂ ಆಮೇಲೆ ಹೆಣ್ಣನ್ನೂ ನೋಡುತ್ತಿದ್ದರು. ಅಪ್ಪ ಬೇರೆ ದಾರಿಯಿಲ್ಲದೆ ಪ್ಯಾಂಟು ಮೇಲಕ್ಕೆತ್ತಿ ತೋರಿಸಿದರು. ಅಜ್ಜಿ ಬೆರಳ ಗೆಣ್ಣಿನಿಂದ ತೊಗಲಿನ ಮೇಲೆ ತಟ್ಟಿ ನೋಡಿ, ಕೂತಲ್ಲೇ ಅಲುಗಾಡುವಷ್ಟು ನಕ್ಕರು. ಮೋಟಾರ್ ಸೈಕಲ್ ಬಾವಿಗೆ ಬೀಳಲಿಲ್ಲ. ಅಂದಿನಿಂದ ಕೊಟ್ಟಿಗೆಯ ಹಿಂದೆ ಹೋಗುವ ಅಗತ್ಯ ತಪ್ಪಿತು. ನನಗೆ ಮಾತ್ರ ಏನೋ ಕಳೆದುಕೊಂಡಂತಾಯಿತು.

ಇನ್ನು ಹೇಳಬೇಕಾದ ಸಂಗತಿ ಒಂದೇ. ಅದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ.

ಸಣ್ಣ ರೈಲಿನಲ್ಲಿ ಕೋಲಾರಕ್ಕೆ ಹೋಗಿ ಬಂದು ನಾನು ಪಿ.ಯು.ಸಿ. ಮುಗಿಸಿದ್ದೆ. ಮೈಸೂರಿನಲ್ಲಿ ಬಿ.ಎಸ್ಸಿ. ಓದಬೇಕೆಂಬ ಆಸೆ. ಅರ್ಜಿಯನ್ನು ತುಂಬಿ ಟ್ರಂಕಿನ ತಳದಲ್ಲಿ ಇಟ್ಟಿದ್ದೆ. ಕಳುಹಿಸುವ ಧೈರ್ಯವಿರಲಿಲ್ಲ. ಆ ಹೊತ್ತಿಗೆ ಆಂಧ್ರದ ಗಡಿಯ ಕಡೆಯ ಒಂದು ಊರಿನಿಂದ ಸಂಬಂಧ ಬಂತು. ಒಳ್ಳೆಯ ಜಮೀನು, ಒಬ್ಬನೇ ಮಗ. ಒಪ್ಪಿದರೆ ಮುಂದಿನ ತಿಂಗಳೇ ಮದುವೆ ಎಂದಿದ್ದರು. ದೊಡ್ಡಪ್ಪನಿಗೆ ಆ ಸಂಬಂಧ ಬಹಳ ಹಿಡಿಸಿತ್ತು. ಅವರು ಕೆಟ್ಟವರಲ್ಲ. ತಾತ ತೀರಿಕೊಂಡಾಗ ಅಪ್ಪನಿಗೆ ಆರು ವರ್ಷ. ತಾವು ಸ್ಕೂಲು ಬಿಟ್ಟು ನೇಗಿಲು ಹಿಡಿದು ತಮ್ಮನನ್ನು ಓದಿಸಿದವರು ದೊಡ್ಡಪ್ಪ. ಅವರ ಮಾತಿಗೆ ಅಪ್ಪ ಇಲ್ಲ ಎಂದದ್ದನ್ನು ನಾನು ಕೇಳಿಯೇ ಇಲ್ಲ. ಅಂದೂ ಹೇಳಲಿಲ್ಲ. ನೆಂಟರು ನನ್ನನ್ನು ನೋಡಲು ಬರುವ ಹಿಂದಿನ ಸಂಜೆ ನಾನು ಅರ್ಜಿಯನ್ನು ತಂದು ಅಪ್ಪನ ಮುಂದೆ ಇಟ್ಟೆ. ಅವರು ಎರಡು ಪುಟವನ್ನೂ ಓದಿ, ಒಂದು ಕಡೆ ತಾರೀಖು ಬಿಟ್ಟಿದ್ದೇನೆಂದು ತೋರಿಸಿ, ಹಿಂದಕ್ಕೆ ಕೊಟ್ಟರು. ಅಷ್ಟೇ. ಆ ರಾತ್ರಿ ಅವರ ಮೇಲೆ ಬಂದಷ್ಟು ಕೋಪ ನನಗೆ ಮತ್ತೆಂದೂ ಯಾರ ಮೇಲೂ ಬಂದಿಲ್ಲ.

ಮರುದಿನ ಭಾನುವಾರ. ಅಜ್ಜಿ ಜಗಲಿ ಸಾರಿಸಿ ದೊಡ್ಡ ಜಮಖಾನೆ ಹಾಸಿದರು. ಮೋಟಾರ್ ಸೈಕಲ್ ಗುರುವಾರದಿಂದ ಆಂಡರ್ಸನ್‌ಪೇಟೆಯ ಮೆಕ್ಯಾನಿಕ್ ಶೆಡ್ಡಿನಲ್ಲಿ ಬಿಚ್ಚಿ ಬಿದ್ದಿತ್ತು. "ಸದ್ಯ, ಆ ದೆವ್ವ ಇಲ್ಲದ್ದಕ್ಕೆ ಜಗಲಿ ಜಗಲಿ ಇದ್ದಂಗೈತೆ" ಎಂದು ಅವರು ಎಣ್ಣೆಯ ಕಲೆಯ ಮೇಲೆ ಜಮಖಾನೆಯನ್ನು ಎಳೆದು ಮುಚ್ಚಿದರು. ಅಪ್ಪ ಪ್ಯಾಂಟು ಹಾಕಿಕೊಂಡು ಸ್ಟೇಷನ್ನಿಗೆ ಹೊರಟಾಗ ದೊಡ್ಡಪ್ಪ, "ಪಂಚೆ ಉಟ್ಕಳಲಾ" ಎಂದರು. "ಗಣಿ ಕೆಲಸದವನು ಅಂತ ಹೇಳಿದೀರಲ್ಲ, ಇದೇ ಇರಲಿ" ಎಂದು ಅಪ್ಪ ನಡೆದು ಹೋಗಿ ನೆಂಟರನ್ನು ಕರೆತಂದರು.

ಬಂದವರು ಮೂವರು; ಹುಡುಗನ ಸೋದರಮಾವ, ಅವರ ಹೆಂಡತಿ, ಇನ್ನೊಬ್ಬ ಹಿರಿಯರು. ಎಲ್ಲರೂ ಜಮಖಾನೆಯ ಮೇಲೆ ಕಾಲು ಮಡಚಿ ಕೂತರು. ಅಪ್ಪ ಗೋಡೆಗೆ ಒರಗಿ, ಎರಡು ಕಾಲನ್ನೂ ನೆಂಟರ ಕಡೆಗೇ ಚಾಚಿ ಕೂತರು. ನಾನು ಬಾಗಿಲ ಸಂದಿನಿಂದ ನೋಡುತ್ತಿದ್ದೆ.

ಸೋದರಮಾವನವರ ದೃಷ್ಟಿ ಅಪ್ಪನ ಮಂಡಿಗಳ ಮೇಲೆ ನಿಂತಿತು. "ಏನ್ ಸಾಮಿ, ಕಾಲು ಮಡ್ಚಕ್ಕಾಗಕಿಲ್ವಾ?"

"ಸ್ವಲ್ಪ ಕಷ್ಟ."

"ದಾರ್ಯಾಗೂ ನೋಡ್ದೆ, ನಡ್ಗೆ ಒಂಥರಾ ಐತೆ ಅಂತ. ಎಷ್ಟು ದಿನದಿಂದ?"

"ಏಳೆಂಟು ವರ್ಷವಾಯಿತು."

"ನಿಮ್ಮಪ್ಪಂಗೂ ಇತ್ತಾ?"

"ಅವರೂ ಮಂಡಿ ನೋವು ಅನ್ನುತ್ತಿದ್ದರಂತೆ. ನಾನು ಚಿಕ್ಕವನು."

"ಕುಡಿಯೋಕೆ ಇದೇ ಬಾವಿ ನೀರಾ?"

"ಇದೇ ಬಾವಿ."

ಒಂದು ಮಾತೂ ಸುಳ್ಳಲ್ಲ ಎಂಬುದನ್ನು ನೀವು ಗಮನಿಸಿರಬಹುದು. ದೊಡ್ಡಪ್ಪ ಆಗ ಎಳನೀರು ಕೊಚ್ಚಲು ಹಿತ್ತಲಿಗೆ ಹೋಗಿದ್ದರು. ಅಜ್ಜಿ, ಅಮ್ಮ ಇಬ್ಬರೂ ಒಲೆಯ ಮುಂದಿದ್ದರು. ಹಿರಿಯರು ಪಕ್ಕದವರ ಕಡೆ ತಿರುಗಿ, "ನೀಳ್ಳು ಮಂಚಿವಿ ಕಾವು" ಎಂದರು. ನೀರು ಒಳ್ಳೆಯದಲ್ಲ ಎಂದರ್ಥ. ಬಂಗಾರಪೇಟೆಯಲ್ಲಿ ತೆಲುಗು ಗುಟ್ಟಿನ ಭಾಷೆಯಲ್ಲ. ಕೊಟ್ಟಿಗೆಯ ಹಸುವಿಗೂ ಅದು ತಿಳಿದಿರುತ್ತದೆ.

ನನ್ನನ್ನು ಕರೆದರು. ಅಮ್ಮನ ಹೊಸ ಸೀರೆಯಲ್ಲಿ ನಾನು ತಂಬಿಗೆಯ ನೀರು ಹಿಡಿದು ಬಂದೆ. ಆ ಹೆಂಗಸು ನನ್ನ ಮುಖ ನೋಡಲಿಲ್ಲ. "ಒಸಿ ಆ ಕಂಬದ ತಾವ್ಲಿಂದ ಈ ಕಂಬದ ತಂಕ ನಡ್ದು ಬಾಮ್ಮಾ" ಎಂದರು. ನಡೆದೆ. ಸೀರೆಯ ಅಂಚು ಕಾಲಿಗೆ ಸಿಕ್ಕಿ ಮುಗ್ಗರಿಸಿದೆ. ಅವರಿಗೆ ಬೇಕಾದ ಉತ್ತರ ಸಿಕ್ಕಿತು. ತಂಬಿಗೆಯನ್ನು ಯಾರೂ ಮುಟ್ಟಲಿಲ್ಲ. ದೊಡ್ಡಪ್ಪ ಎಳನೀರು ತಂದಾಗ ಮಾತ್ರ ಮೂವರೂ ಕೈ ಚಾಚಿದರು, ಅದು ಬಾವಿಯದಲ್ಲವಲ್ಲ.

ಮೂರು ದಿನಕ್ಕೆ ಮಾತು ಬಂತು. ಹುಡುಗಿ ಚೆನ್ನಾಗಿದ್ದಾಳೆ, ಆ ಮನೆಯ ನೀರು ಸರಿಯಿಲ್ಲ. ಅಜ್ಜಿಗೆ ವಿಷಯ ಪೂರ್ತಿ ತಿಳಿದಾಗ ಅಪ್ಪನ ಮುಂದೆ ಸೌಟು ಹಿಡಿದು ನಿಂತರು.

"ಆ ತೊಗಲು ಬಿಚ್ಚಿ ಕುಂತ್ಕಣಾಕೆ ಏನ್ಲಾ ದಾಡಿ ನಿಂಗೆ?"

"ಮರೆತೆ, ಅವ್ವ."

"ಓಗು, ಓಗಿ ಏಳು ಅವ್ರಿಗೆ."

"ಏನಂತ? ಊರ ಮುಂದೆ ನಿಂತು ಪ್ಯಾಂಟು ಎತ್ತಿ ತೋರಿಸಲಾ?"

ಬೈಯಲು ಬಾಯಿ ತೆರೆದ ದೊಡ್ಡಪ್ಪನಿಗೆ ನಗು ಬಂದುಬಿಟ್ಟಿತು. ಅಲ್ಲಿಗೆ ಅದು ಮುಗಿಯಿತು. ನಮ್ಮ ಬಾವಿಯ ಸುದ್ದಿ ಮಾತ್ರ ನಾಲ್ಕು ಊರು ಸುತ್ತಿತು. ಒಂದು ವರ್ಷ ಯಾರೂ ನಮ್ಮ ಜಗಲಿ ಹತ್ತಲಿಲ್ಲ. "ಮನೇಲಿ ಕುಂತು ಏನ್ ಮಾಡ್ತಾಳೆ, ಓದ್ಲಿ ಬಿಡು" ಎಂದು ದೊಡ್ಡಪ್ಪನೇ ಹೇಳಿದರು. ನಾನು ತಾರೀಖು ತುಂಬಿ ಅರ್ಜಿ ಕಳುಹಿಸಿದೆ. ಸಂತೋಷವಾಗಿತ್ತು, ಅದರೊಳಗೆ ಸಣ್ಣದೊಂದು ಅವಮಾನವೂ ಇತ್ತು. ಕಂಬದಿಂದ ಕಂಬಕ್ಕೆ ನಡೆದದ್ದನ್ನು ನಾನು ಬಹಳ ದಿನ ಮರೆಯಲಿಲ್ಲ. ಅಪ್ಪನ ಮರೆವಿನಿಂದ ನನಗೆ ಒಳ್ಳೆಯದಾಯಿತು ಎಂದು ಭಾವಿಸಿಕೊಂಡು, ಆ ಅದೃಷ್ಟಕ್ಕೆ ಕೃತಜ್ಞಳಾಗಿ ಇಷ್ಟು ವರ್ಷ ಕಳೆದೆ.

ಮೊನ್ನೆ ಭಾನುವಾರ ಪಟ್ಟಿಗೆ ತೂತು ಹಾಕಿಸಿಕೊಂಡು ಬಂದು, ಸೀರೆಯೊಳಗೆ ಕಟ್ಟಿ ನೋಡಿದೆ. ಅಪ್ಪ ಹೇಳಿದಂತೆ ಹೊರಗೆ ಏನೂ ಕಾಣುತ್ತಿರಲಿಲ್ಲ. ಬೀದಿಯಲ್ಲಿ ಎರಡು ಸುತ್ತು ಸ್ಕೂಟರು ಓಡಿಸಿದೆ. ಮಂಡಿಯ ಮೇಲೆ ಯಾರೋ ಅಂಗೈ ಇಟ್ಟಿರುವಂತಿತ್ತು. ಒಳಗೆ ಬಂದಾಗ ಮನೆಯೊಡತಿ ಎಲೆ ಹಾಕಿದ್ದರು; ಅಂದು ಅವರ ಮನೆಯಲ್ಲಿ ಪೂಜೆ, ನನಗೂ ಊಟ. ಎಲೆಯ ಮುಂದೆ ಕೂರಲು ಹೋದೆ, ಕಾಲು ಮಡಚಲಿಲ್ಲ. ಅಂಚು ತೊಡೆಗೆ ಒತ್ತಿತು. ಗೋಡೆಗೆ ಒರಗಿ ಕಾಲು ಚಾಚಿದೆ.

"ಯಾಕಮ್ಮಾ, ಮಂಡಿ ನೋವೇ?" ಎಂದರು ಅವರು.

"ಸ್ವಲ್ಪ ಕಷ್ಟ" ಎಂದೆ.

ಅಂದು ಜಮಖಾನೆಯ ಮೇಲೆ ಕೂತು ಅಪ್ಪ ಹೇಳಿದ್ದೂ ಇದೇ ಮಾತು. ಬಂದೆ ಎಂದು ಹೇಳಿ ಕೋಣೆಗೆ ಹೋಗಿ ಬಿಚ್ಚಿದೆ. ನಾಲ್ಕು ಬಕಲು, ಅರ್ಧ ನಿಮಿಷವೂ ಹಿಡಿಯಲಿಲ್ಲ. ಅಂದು ಅಪ್ಪ ಎರಡು ಗಂಟೆ ಹಾಗೆ ಕೂತಿದ್ದರು. ನೆಲದ ಮೇಲೆ ಕೂತ ಮನುಷ್ಯನಿಗೆ ಇದು ಕಟ್ಟಿದೆ ಎಂಬುದು ಒಂದು ಕ್ಷಣವೂ ಮರೆತುಹೋಗಲಾರದು. ಅದೂ ಅಲ್ಲದೆ, ಅಂದು ಅದನ್ನು ಕಟ್ಟಿಕೊಂಡದ್ದಾದರೂ ಏತಕ್ಕೆ? ಮೋಟಾರ್ ಸೈಕಲ್ ಮೂರು ದಿನದಿಂದ ಮನೆಯಲ್ಲಿರಲಿಲ್ಲ. ಅದು ನಿಲ್ಲುವ ಜಾಗದಲ್ಲೇ, ಅದರ ಎಣ್ಣೆಯ ಕಲೆಯ ಮೇಲೆಯೇ ನೆಂಟರು ಕೂತಿದ್ದರು. ಸ್ಟೇಷನ್ನಿಗೆ ಅಪ್ಪ ನಡೆದು ಹೋದದ್ದನ್ನು ನಾನೇ ನೋಡಿದ್ದೆ. ಪ್ರಯೋಗಶಾಲೆಯಲ್ಲಿ ಎರಡು ಸಂಗತಿಗಳನ್ನು ಜೋಡಿಸಿ ನೋಡಿ ಎಂದು ಹುಡುಗಿಯರಿಗೆ ದಿನವೂ ಹೇಳುವ ನಾನು, ಈ ಎರಡನ್ನು ಜೋಡಿಸಲು ಇಷ್ಟು ವರ್ಷ ತೆಗೆದುಕೊಂಡೆ.

ಅಣ್ಣನಿಗೆ ಇಲ್ಲ ಎನ್ನಲಾರದವರು, ಸುಳ್ಳು ಹೇಳಲಾರದವರು. ಆದ್ದರಿಂದ ತಮ್ಮ ಎರಡು ಮಂಡಿಗಳನ್ನು ನೆಂಟರ ಮುಂದೆ ಚಾಚಿ, ಕೇಳಿದ್ದಕ್ಕೆ ಉತ್ತರ ಹೇಳಿ, ಮುಳ್ಳು ನಿಲ್ಲುವವರೆಗೆ ಕಾದರು. ತಮ್ಮನ್ನು ರೋಗಿಯೆಂದು ನಾಲ್ಕು ಊರಿನವರು ಆಡಿಕೊಳ್ಳಲು ಬಿಟ್ಟರು. ಆ ಮನೆಯಲ್ಲಿ ಅವರು ಆಡಿದ ಒಂದೇ ಸುಳ್ಳು, ಮರೆತೆ ಎಂಬುದು.

ಊಟ ಮುಗಿಸಿ ಕಾಗದ ಬರೆಯಲು ಕೂತೆ. ಕೇಳಿಬಿಡೋಣ ಎನಿಸಿತು. ಆದರೆ ಕೇಳಿದರೆ ಅವರು ಉತ್ತರ ಹೇಳಬೇಕಾಗುತ್ತದೆ. ಅದು ಅವರಿಗೆ ಇಷ್ಟವಾಗದು, ನನಗೂ ಓದಲು ಸಂಕೋಚ. ಮೂರು ಹಾಳೆ ಹರಿದ ಮೇಲೆ ಐದು ಸಾಲು ಉಳಿಯಿತು.

"ಪಾರ್ಸೆಲ್ ತಲುಪಿತು. ತೂತು ಹಾಕಿಸಿದ್ದೇನೆ. ನೆಲದ ಮೇಲೆ ಕೂರುವ ಮೊದಲು ಬಿಚ್ಚುವುದನ್ನು ಮರೆಯುವುದಿಲ್ಲ. ಮರೆಯುವಂಥದ್ದಲ್ಲ ಎಂದು ತಿಳಿಯಿತು. ಇಲ್ಲಿಯ ನೀರು ಚೆನ್ನಾಗಿದೆ."